ಕೈ ತೊಳೆಯಲು ಕಲಿಸಿದ ವೈದ್ಯ

ಮಕ್ಕಳೇ, ಬಿಸಿಯೂಟಕ್ಕೆ ಕೂರುವ ಮೊದಲು ನೀವೆಲ್ಲ ಸೋಪು ಹಚ್ಚಿ ಕೈ ತೊಳೆಯುತ್ತೀರಿ ಅಲ್ಲವೇ? ರೋಗಿಯನ್ನು ಮುಟ್ಟುವ ಮೊದಲು ವೈದ್ಯರೂ ಕೈ ತೊಳೆಯುತ್ತಾರೆ. ಆದರೆ ಸುಮಾರು 180 ವರ್ಷಗಳ ಹಿಂದೆ ವೈದ್ಯರಿಗೇ ಈ ರೂಢಿ ಇರಲಿಲ್ಲ. ಅದನ್ನು ಕಲಿಸಲು ಹೋಗಿ ಬಹಳ ಕಷ್ಟಪಟ್ಟವರು ಇಗ್ನಾಜ್ ಸೆಮ್ಮೆಲ್‌ವೈಸ್.

ಸೆಮ್ಮೆಲ್‌ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ಎಂಬಲ್ಲಿ ಜನಿಸಿದರು. ಅದು ಇಂದಿನ ಬುಡಾಪೆಸ್ಟ್ ನಗರದ ಒಂದು ಭಾಗ. ತಂದೆ ದಿನಸಿ ವ್ಯಾಪಾರಿ. ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದ ಮಗ, ಮನಸ್ಸು ಬದಲಾಯಿಸಿ ವೈದ್ಯಶಾಸ್ತ್ರ ಓದಿದರು. 1846ರಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು. ವಿದ್ಯಾರ್ಥಿಗಳಿಗೆ ಕಲಿಸುವುದೂ ಅವರ ಕೆಲಸವಾಗಿತ್ತು.

ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದ 4010 ತಾಯಂದಿರಲ್ಲಿ 459 ಮಂದಿ ಸತ್ತರು. ಎರಡನೆಯದರಲ್ಲಿ 3754 ತಾಯಂದಿರಲ್ಲಿ ಸತ್ತವರು 105 ಮಂದಿ. ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಬಾಣಂತಿ ಜ್ವರ. ಮೊದಲ ವಿಭಾಗ ಬೇಡವೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು.

ಒಂದೇ ಆಸ್ಪತ್ರೆಯಲ್ಲಿ ಇಷ್ಟು ವ್ಯತ್ಯಾಸ ಏಕೆ? ಸೆಮ್ಮೆಲ್‌ವೈಸ್ ಒಂದೊಂದೇ ಕಾರಣವನ್ನು ಪರೀಕ್ಷಿಸಿದರು. ಜನಸಂದಣಿಯೇ? ಅದು ಎರಡನೆಯ ವಿಭಾಗದಲ್ಲೇ ಹೆಚ್ಚು. ಸಾಯುವವರ ಬಳಿಗೆ ಗಂಟೆ ಬಾರಿಸುತ್ತ ಬರುವ ಪಾದ್ರಿಯನ್ನು ಕಂಡು ಭಯವೇ? ಗಂಟೆ ನಿಲ್ಲಿಸಿದರೂ ಸಾವು ನಿಲ್ಲಲಿಲ್ಲ. ಹೆರಿಗೆಯ ಸಮಯದಲ್ಲಿ ಮಲಗಿಸುವ ಭಂಗಿಯೇ? ಅದನ್ನು ಬದಲಿಸಿದರೂ ಫಲ ಸಿಗಲಿಲ್ಲ.

1847ರಲ್ಲಿ ಅವರ ಸ್ನೇಹಿತ, ವೈದ್ಯ ಯಾಕೋಬ್ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆ ನಡೆಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿತ್ತು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತವರಲ್ಲಿ ಕಂಡಂಥವೇ! ಆಗ ಸೆಮ್ಮೆಲ್‌ವೈಸ್‌ಗೆ ಉತ್ತರ ಹೊಳೆಯಿತು. ವೈದ್ಯರು ಮತ್ತು ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಶವದ ಕಣಗಳು ವೈದ್ಯರ ಕೈಯಿಂದಲೇ ತಾಯಂದಿರ ದೇಹ ಸೇರುತ್ತಿದ್ದವು. ತನ್ನ ಕೈಯಿಂದಲೂ ಸಾವು ಹರಡಿತ್ತು ಎಂಬುದನ್ನು ಅವರು ನೋವಿನಿಂದ ಒಪ್ಪಿಕೊಂಡರು.

1847ರ ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ಇರುವ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದರು. ಇದು ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಂಥದ್ದು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು!

ಆದರೂ ಹಲವು ವೈದ್ಯರು ಒಪ್ಪಲಿಲ್ಲ. ರೋಗ ಹರಡುವುದು ತಮ್ಮ ಕೈಗಳೇ ಎಂದು ನಂಬಲು ಅವರಿಗೆ ಮನಸ್ಸಾಗಲಿಲ್ಲ. ರೋಗಾಣುಗಳ ವಿಷಯ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸೆಮ್ಮೆಲ್‌ವೈಸ್ ಕೂಡ ತಮ್ಮ ಪುಸ್ತಕ ಪ್ರಕಟಿಸಿದ್ದು ತಡವಾಗಿ, 1861ರಲ್ಲಿ. 1849ರಲ್ಲಿ ವಿಯೆನ್ನಾದ ಹುದ್ದೆ ಕೈತಪ್ಪಿತು. ಊರಿಗೆ ಮರಳಿ ಪೆಸ್ಟ್‌ನ ಆಸ್ಪತ್ರೆಯಲ್ಲಿ ಇದೇ ಕ್ರಮ ತಂದು ಅಲ್ಲಿಯೂ ಸಾವು ತಗ್ಗಿಸಿದರು. 1855ರಲ್ಲಿ ಪ್ರಾಧ್ಯಾಪಕರಾದರು. ಕೊನೆಗೆ ಮನಸ್ಸಿನ ಆರೋಗ್ಯ ಕೆಟ್ಟಿತು. 1865ರ ಆಗಸ್ಟ್ 13ರಂದು ವಿಯೆನ್ನಾದ ಮಾನಸಿಕ ಆಸ್ಪತ್ರೆಯಲ್ಲಿ, ಗಾಯ ನಂಜಾಗಿ ತೀರಿಕೊಂಡರು. ಆಗ ಅವರಿಗೆ 47 ವರ್ಷ.

1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟರು. ಸೆಮ್ಮೆಲ್‌ವೈಸ್ ದಾರಿ ಸರಿಯಾಗಿತ್ತು! ಇಂದು ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ.

ಮಕ್ಕಳೇ, ಮೇಲಿನ ಅಂಕಿಗಳಿಂದ ಎರಡೂ ವಿಭಾಗಗಳ ಶೇಕಡಾ ಸಾವು ಎಷ್ಟೆಂದು ಲೆಕ್ಕ ಮಾಡಿ. ಸೆಮ್ಮೆಲ್‌ವೈಸ್ ಯೋಚನೆಗೆ ಹಚ್ಚಿದ್ದು ಇಂಥ ಲೆಕ್ಕವೇ.