ರಾಲ್ಫ್ ಬಂಚ್

ರಾಲ್ಫ್ ಜಾನ್ಸನ್ ಬಂಚ್ (ಆಗಸ್ಟ್ 7, 1904 – ಡಿಸೆಂಬರ್ 9, 1971) ಅಮೆರಿಕದ ರಾಜ್ಯಶಾಸ್ತ್ರಜ್ಞರು ಹಾಗೂ ವಿಶ್ವಸಂಸ್ಥೆಯ ಹಿರಿಯ ಅಧಿಕಾರಿ. 1949ರಲ್ಲಿ ಇಸ್ರೇಲ್ ಮತ್ತು ನೆರೆಯ ನಾಲ್ಕು ಅರಬ್ ರಾಷ್ಟ್ರಗಳ ನಡುವೆ ಕದನವಿರಾಮ ಒಪ್ಪಂದಗಳನ್ನು ಏರ್ಪಡಿಸಿದ ಇವರಿಗೆ 1950ರ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ನೊಬೆಲ್ ಪ್ರಶಸ್ತಿ ಪಡೆದ ಮೊದಲ ಕಪ್ಪುವರ್ಣೀಯ ವ್ಯಕ್ತಿ ಇವರು.

ಜನನ ಮತ್ತು ವಿದ್ಯಾಭ್ಯಾಸ

ಬಂಚ್ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ ಜನಿಸಿದರು. ತಂದೆ ಕ್ಷೌರಿಕರಾಗಿದ್ದರು. ಬಾಲ್ಯದಲ್ಲಿಯೇ ತಂದೆತಾಯಿಯರ ಆಸರೆ ತಪ್ಪಿದ್ದರಿಂದ ಲಾಸ್ ಏಂಜಲೀಸ್‌ನಲ್ಲಿ ಅಜ್ಜಿಯ ಪೋಷಣೆಯಲ್ಲಿ ಬೆಳೆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಿಂದ 1927ರಲ್ಲಿ ಪದವಿ ಪಡೆದು, 1934ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1945ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ, ವಸಾಹತುಗಳ ಆಡಳಿತಕ್ಕೆ ಸಂಬಂಧಿಸಿದ ವಿಶ್ವಸಂಸ್ಥೆಯ ಸನದಿನ ಅಧ್ಯಾಯಗಳನ್ನು ರೂಪಿಸುವಲ್ಲಿ ನೆರವಾದರು.

ರೋಡ್ಸ್ ಮಾತುಕತೆ

1948ರ ಮೇ ತಿಂಗಳಲ್ಲಿ ಇಸ್ರೇಲ್ ಸ್ಥಾಪನೆಯ ಘೋಷಣೆಯೊಂದಿಗೆ ಅರಬ್ ರಾಷ್ಟ್ರಗಳ ಸೇನೆಗಳು ಯುದ್ಧಕ್ಕಿಳಿದವು. ವಿಶ್ವಸಂಸ್ಥೆಯು ಸ್ವೀಡನ್ನಿನ ಕೌಂಟ್ ಫೋಕ್ ಬರ್ನಡೋಟ್ ಅವರನ್ನು ಮಧ್ಯಸ್ಥಗಾರರನ್ನಾಗಿ ನೇಮಿಸಿತು. ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ಯಹೂದಿ ಉಗ್ರಗಾಮಿ ಗುಂಪಾದ ಲೇಹಿ ಅವರನ್ನು ಹತ್ಯೆಗೈದಾಗ, ಸಹಾಯಕರಾಗಿದ್ದ ಬಂಚ್ ಹಂಗಾಮಿ ಮಧ್ಯಸ್ಥಗಾರರಾದರು.

1949ರ ಜನವರಿಯಲ್ಲಿ ಗ್ರೀಸಿನ ರೋಡ್ಸ್ ದ್ವೀಪದ ಹೋಟೆಲೊಂದರಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ನಡುವಣ ಮಾತುಕತೆ ಆರಂಭವಾಯಿತು. ಇಸ್ರೇಲನ್ನು ಮಾನ್ಯ ಮಾಡದ ಅರಬ್ ರಾಷ್ಟ್ರಗಳಿಗೆ, ಅದರೊಡನೆ ನೇರವಾಗಿ ಕುಳಿತು ಮಾತನಾಡುವುದೇ ಮಾನ್ಯತೆ ನೀಡಿದಂತೆ ಆಗುವ ಭೀತಿಯಿತ್ತು. ಆದ್ದರಿಂದ ಬಂಚ್ ಎರಡೂ ನಿಯೋಗಗಳನ್ನು ಪ್ರತ್ಯೇಕವಾಗಿ ಕಂಡು, ಒಬ್ಬರ ಪ್ರಸ್ತಾವವನ್ನು ಮತ್ತೊಬ್ಬರಿಗೆ ತಲುಪಿಸುತ್ತ, ಕ್ರಮೇಣ ಅವರನ್ನು ಒಂದೇ ಕೊಠಡಿಗೆ ತಂದರು. ವಿವಾದವಿಲ್ಲದ ಸಣ್ಣ ವಿಷಯಗಳನ್ನು ಮೊದಲು ಇತ್ಯರ್ಥಪಡಿಸಿ, ಕಠಿಣ ಪ್ರಶ್ನೆಗಳನ್ನು ಅನಂತರ ಎತ್ತಿಕೊಳ್ಳುವುದು ಅವರ ಕ್ರಮವಾಗಿತ್ತು.

ಫಲೂಜಾದಲ್ಲಿ ಇಸ್ರೇಲಿ ಸೇನೆಯ ಮುತ್ತಿಗೆಗೆ ಸಿಲುಕಿದ್ದ ಈಜಿಪ್ಟಿನ ದಳದ ಬಿಡುಗಡೆ ಹಾಗೂ ಗಡಿಭಾಗದ ಅಲ್ ಔಜಾ ಪ್ರದೇಶದ ಹತೋಟಿ ಮುಖ್ಯ ತೊಡಕುಗಳಾಗಿದ್ದವು. ದಳಕ್ಕೆ ಹಿಂದಿರುಗಲು ಅವಕಾಶ ನೀಡುವುದೆಂದೂ ಅಲ್ ಔಜಾವನ್ನು ಸೇನಾಮುಕ್ತ ವಲಯವನ್ನಾಗಿ ಮಾಡುವುದೆಂದೂ ನಿರ್ಧಾರವಾದ ಮೇಲೆ, ಫೆಬ್ರವರಿ 24ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಅದೇ ಮಾದರಿಯಲ್ಲಿ ಲೆಬನಾನ್ ಮಾರ್ಚ್ 23ರಂದು, ಜೋರ್ಡಾನ್ ಏಪ್ರಿಲ್ 3ರಂದು, ಸಿರಿಯಾ ಜುಲೈ 20ರಂದು ಸಹಿ ಹಾಕಿದವು. ಇರಾಕ್ ಸಹಿ ಹಾಕಲಿಲ್ಲ.

ಒಪ್ಪಂದಗಳ ಮಿತಿ

ಈ ಒಪ್ಪಂದಗಳು ಯುದ್ಧವನ್ನು ನಿಲ್ಲಿಸಿದವೇ ಹೊರತು ಶಾಂತಿಯನ್ನು ಸ್ಥಾಪಿಸಲಿಲ್ಲ. ಕದನವಿರಾಮ ರೇಖೆಯು ಅಂತಿಮ ಗಡಿಯಲ್ಲವೆಂಬ ಷರತ್ತಿನಿಂದಲೇ ಉಭಯ ಪಕ್ಷಗಳು ತಮ್ಮ ಹಕ್ಕುಗಳನ್ನು ಬಿಟ್ಟುಕೊಡದೆ ಸಹಿ ಹಾಕಲು ಸಾಧ್ಯವಾಯಿತು. ಅದೇ ಷರತ್ತಿನಿಂದಾಗಿ ಗಡಿಯ ಪ್ರಶ್ನೆ ತೆರೆದೇ ಉಳಿಯಿತು. ಸುಮಾರು 7 ಲಕ್ಷ ಪ್ಯಾಲೆಸ್ಟೀನಿ ನಿರಾಶ್ರಿತರ ಭವಿಷ್ಯವಾಗಲಿ, ಜೆರುಸಲೇಮಿನ ಸ್ಥಾನಮಾನವಾಗಲಿ ನಿರ್ಣಯವಾಗಲಿಲ್ಲ. ಇವುಗಳನ್ನು ಬಗೆಹರಿಸಲು ಅದೇ ವರ್ಷ ಲಾಸಾನ್‌ನಲ್ಲಿ ನಡೆದ ಸಮ್ಮೇಳನವು ವಿಫಲವಾಯಿತು.

ನಂತರದ ಜೀವನ

1949ರಲ್ಲಿ ಅಧ್ಯಕ್ಷ ಟ್ರೂಮನ್ ನೀಡಲು ಬಯಸಿದ ವಿದೇಶಾಂಗ ಇಲಾಖೆಯ ಉನ್ನತ ಹುದ್ದೆಯನ್ನು, ವಾಷಿಂಗ್ಟನ್‌ನಲ್ಲಿದ್ದ ವರ್ಣಭೇದದ ಕಾರಣಕ್ಕೆ ಬಂಚ್ ನಿರಾಕರಿಸಿದರು. 1956ರ ಸೂಯೆಜ್ ಬಿಕ್ಕಟ್ಟಿನ ವೇಳೆ ವಿಶ್ವಸಂಸ್ಥೆಯ ಪ್ರಥಮ ಸಶಸ್ತ್ರ ಶಾಂತಿಪಾಲನಾ ಪಡೆಯನ್ನು ಸಂಘಟಿಸುವಲ್ಲಿ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಅವರಿಗೆ ನೆರವಾದರು. 1960ರಲ್ಲಿ ಕಾಂಗೋದಲ್ಲಿಯೂ ಕಾರ್ಯನಿರ್ವಹಿಸಿದರು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವದ ಸೆಲ್ಮಾ–ಮಾಂಟ್‌ಗೊಮರಿ ನಡಿಗೆಯಲ್ಲಿ ಪಾಲ್ಗೊಂಡರು.

1967ರ ಮೇ ತಿಂಗಳಲ್ಲಿ ಈಜಿಪ್ಟಿನ ಒತ್ತಾಯದಂತೆ ಶಾಂತಿಪಾಲನಾ ಪಡೆ ಹಿಂತೆಗೆಯಲ್ಪಟ್ಟಿತು. ಜೂನ್ 5ರಂದು ಮತ್ತೆ ಯುದ್ಧ ಆರಂಭವಾಗಿ, 1949ರ ವ್ಯವಸ್ಥೆಯು ಬಹುಮಟ್ಟಿಗೆ ಕುಸಿಯಿತು. ಅನಾರೋಗ್ಯದಿಂದ ಬಳಲುತ್ತಿದ್ದ ಬಂಚ್ 1971ರಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. ರೋಡ್ಸ್‌ನಲ್ಲಿ ಮೊದಲು ಸಹಿ ಹಾಕಿದ ಈಜಿಪ್ಟ್ ಮತ್ತು ಇಸ್ರೇಲ್ ಪೂರ್ಣ ಶಾಂತಿ ಒಪ್ಪಂದಕ್ಕೆ ಬಂದದ್ದು 1979ರಲ್ಲಿ.