ಫುಲ್ಜಾನ್ಸ್ ಬಿಯಾನ್ವನ್ಯೂ

ಫುಲ್ಜಾನ್ಸ್ ಬಿಯಾನ್ವನ್ಯೂ (ಜನವರಿ 27, 1852 – ಆಗಸ್ಟ್ 3, 1936) ಫ್ರಾನ್ಸ್ ದೇಶದ ಸಿವಿಲ್ ಎಂಜಿನಿಯರ್. ಪ್ಯಾರಿಸ್ ನಗರದ ಮೆಟ್ರೊ ರೈಲು ಜಾಲವನ್ನು ಯೋಜಿಸಿ, ಮೂರು ದಶಕಗಳಿಗೂ ಹೆಚ್ಚು ಕಾಲ ಅದರ ನಿರ್ಮಾಣ ಮತ್ತು ವಿಸ್ತರಣೆಯ ಹೊಣೆ ಹೊತ್ತಿದ್ದ ಇವರನ್ನು ಪ್ಯಾರಿಸ್ ಮೆಟ್ರೊದ ಪಿತಾಮಹರೆಂದು ಪರಿಗಣಿಸಲಾಗಿದೆ.

ಆರಂಭಿಕ ಜೀವನ

ಇವರು ಬ್ರಿಟಾನಿ ಪ್ರಾಂತ್ಯದ ಯೂಝೆಲ್ ಎಂಬ ಊರಿನಲ್ಲಿ ಜನಿಸಿದರು. ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ ಸರ್ಕಾರಿ ಸೇವೆಗೆ ಸೇರಿದರು. 1881ರಲ್ಲಿ ರೈಲುಮಾರ್ಗದ ಕಾಮಗಾರಿಯಲ್ಲಿ ಸಂಭವಿಸಿದ ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡರೂ ವೃತ್ತಿಯನ್ನು ಬಿಡಲಿಲ್ಲ. ನಂತರ ಪ್ಯಾರಿಸ್ ನಗರಾಡಳಿತದಲ್ಲಿ ನೀರು ಸರಬರಾಜಿನ ಕಾಮಗಾರಿಗಳನ್ನೂ, 1891ರಲ್ಲಿ ಆರಂಭವಾದ ಬೆಲ್‌ವಿಲ್ ಕೇಬಲ್ ಟ್ರಾಮ್ ಮಾರ್ಗವನ್ನೂ ನೋಡಿಕೊಂಡರು.

ಮೆಟ್ರೊ ಯೋಜನೆ

ನಗರದೊಳಗಿನ ರೈಲುಮಾರ್ಗವು ದೇಶದ ಮುಖ್ಯ ರೈಲುಗಳಿಗೂ ದಾರಿಯಾಗಬೇಕೆಂಬುದು ಸರ್ಕಾರದ ನಿಲುವಾಗಿತ್ತು. ಅದು ನಗರವಾಸಿಗಳ ಓಡಾಟಕ್ಕೆ ಮಾತ್ರ ಮೀಸಲಾಗಿರಬೇಕೆಂಬುದು ನಗರಸಭೆಯ ನಿಲುವು. ದಶಕಗಳ ಕಾಲ ಎಳೆದಾಡಿದ ಈ ವಿವಾದದಲ್ಲಿ 1895ರಲ್ಲಿ ಸರ್ಕಾರ ಮಣಿಯಿತು. ಬಿಯಾನ್ವನ್ಯೂ ಮತ್ತು ಎಡ್ಮಂಡ್ ಯುಯೆ ಸಿದ್ಧಪಡಿಸಿದ ಯೋಜನೆಗೆ 1898ರಲ್ಲಿ ಕಾನೂನಿನ ಒಪ್ಪಿಗೆ ದೊರೆಯಿತು. ಬೋಗಿಗಳ ಅಗಲವನ್ನು 2.40 ಮೀಟರಿಗೆ ಸೀಮಿತಗೊಳಿಸಿದ್ದರಿಂದ ಮುಖ್ಯ ಮಾರ್ಗದ ಅಗಲವಾದ ರೈಲುಗಳು ಈ ಸುರಂಗಗಳನ್ನು ಪ್ರವೇಶಿಸುವಂತಿರಲಿಲ್ಲ. ಮಾರ್ಗವನ್ನು ಆದಷ್ಟೂ ಬೀದಿಗಳ ಕೆಳಗೇ ಒಯ್ದದ್ದರಿಂದ ಕಟ್ಟಡಗಳ ಅಡಿಪಾಯದ ತೊಡಕು ತಪ್ಪಿತು. ಸುಮಾರು 10 ಕಿ.ಮೀ. ಉದ್ದದ ಮೊದಲ ಮಾರ್ಗವು ಜುಲೈ 19, 1900ರಂದು ಸಂಚಾರಕ್ಕೆ ತೆರೆಯಿತು.

ಸೇನ್ ನದಿಯ ಕೆಳಗೆ

ವಿಸ್ತರಣೆಯ ಹಂತದಲ್ಲಿ ಅತ್ಯಂತ ಕಠಿಣವಾದದ್ದು ಉತ್ತರ–ದಕ್ಷಿಣವಾಗಿ ಸಾಗುವ 4ನೇ ಮಾರ್ಗ. ಅದರ ಮೂಲ ನಕ್ಷೆಯು ಫ್ರೆಂಚ್ ಅಕಾಡೆಮಿಯ ಕಟ್ಟಡದ ಅಡಿಯಲ್ಲಿ ಹಾದುಹೋಗುತ್ತಿತ್ತು. ಸದಸ್ಯರು ಇದನ್ನು ಬಲವಾಗಿ ವಿರೋಧಿಸಿದ್ದರಿಂದ ಮಾರ್ಗವನ್ನು ಪೂರ್ವಕ್ಕೆ ತಿರುಗಿಸಿ ಸಿತೆ ದ್ವೀಪದ ಮೂಲಕ ಒಯ್ಯಬೇಕಾಯಿತು. ಇಂದಿಗೂ ನಕ್ಷೆಯಲ್ಲಿ ಆ ಬಳುಕನ್ನು ಕಾಣಬಹುದು. ನದಿಯನ್ನು ದಾಟಲು ಉಕ್ಕಿನ ಬೃಹತ್ ಕೋಶಗಳನ್ನು ದಡದಲ್ಲಿ ಜೋಡಿಸಿ, ನೀರಿನ ಮೇಲೆ ತೇಲಿಸಿ ತಂದು ತಳಕ್ಕೆ ಇಳಿಸಲಾಯಿತು. ಕೋಶದ ಅಡಿಯ ಕೋಣೆಗೆ ಒತ್ತಡದ ಗಾಳಿ ತುಂಬಿ ನೀರನ್ನು ಹೊರಗಿಟ್ಟು, ಅದರೊಳಗೆ ಕಾರ್ಮಿಕರು ಮಣ್ಣು ಅಗೆದಂತೆ ಕೋಶವು ಕೆಳಗಿಳಿಯುತ್ತಿತ್ತು. ಸೇಂಟ್ ಮಿಶೆಲ್ ಬಳಿ ಮೇಲ್ಗಡೆ ಮತ್ತೊಂದು ರೈಲುಮಾರ್ಗವಿದ್ದು, ಮಣ್ಣು ನೀರಿನಿಂದ ಜಿನುಗುತ್ತಿದ್ದುದರಿಂದ, ಕೊಳವೆಗಳಲ್ಲಿ ಅತಿಶೀತಲ ಲವಣದ್ರಾವಣವನ್ನು ಹರಿಸಿ ನೆಲವನ್ನೇ ಹೆಪ್ಪುಗಟ್ಟಿಸಿ ಸುರಂಗ ಕೊರೆಯಲಾಯಿತು. ಜನವರಿ 9, 1910ರಂದು ನದಿಯಡಿಯ ಸಂಚಾರ ಆರಂಭವಾಯಿತು. ಅದೇ ತಿಂಗಳು ಬಂದ ಮಹಾಪ್ರವಾಹದಲ್ಲಿ ಮೆಟ್ರೊ ಸುರಂಗಗಳಿಗೆ ನೀರು ನುಗ್ಗಿ ಸಂಚಾರ ಕೆಲಕಾಲ ಸ್ಥಗಿತಗೊಂಡಿತು.

ಕೊನೆಯ ವರ್ಷಗಳು

1932ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ ಇವರು ನಿವೃತ್ತರಾದರು. ಮರುವರ್ಷ ಮೆಟ್ರೊ ನಿಲ್ದಾಣವೊಂದಕ್ಕೆ ಇವರ ಹೆಸರಿಡಲಾಯಿತು. 1942ರಲ್ಲಿ ಅದನ್ನು ಪಕ್ಕದ ನಿಲ್ದಾಣದೊಂದಿಗೆ ಸೇರಿಸಲಾಗಿದ್ದು, ಈಗ ಮಾಂಟ್‌ಪರ್ನಾಸ್–ಬಿಯಾನ್ವನ್ಯೂ ಎಂದು ಕರೆಯಲಾಗುತ್ತದೆ.