ನೋಟೂ ಕೊಟ್ಟರು, ವೋಟೂ ಕೊಟ್ಟರು

ಎಲೆಕ್ಷನ್ ಬಂತೆಂದರೆ ಪೇಪರಿನಲ್ಲಿ ಒಂದು ಪಟ್ಟಿ ಬರುತ್ತದೆ. ಮೇಲುಗಡೆ ಎರಡೋ ಮೂರೋ ದೊಡ್ಡ ಪಕ್ಷದವರ ಫೋಟೋ, ಜಾತಿ ಲೆಕ್ಕ, ಕಾರುಗಳ ಲೆಕ್ಕ. ಕೆಳಗೆ ಸಣ್ಣಕ್ಷರದಲ್ಲಿ, ಕಣದಲ್ಲಿರುವ ಇತರರು. ತಿಪಟೂರಿರಲಿ, ತುರುವೇಕೆರೆಯಿರಲಿ, ಚಿಕ್ಕನಾಯಕನಹಳ್ಳಿಯಿರಲಿ, ಆ ಸಾಲಿಗೆ ಬಿದ್ದವನ ಕಥೆ ಮುಗಿದ ಹಾಗೇ ಅಂತ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಹಾಗೆ ತೀರ್ಮಾನ ಕೊಡುವವರು ಶಾಂತವೇರಿ ಗೋಪಾಲಗೌಡರನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಗೌಡರು ನಮ್ಮ ಬಯಲುಸೀಮೆಯವರಲ್ಲ. ತಿಪಟೂರಿನಲ್ಲಿ ರೈಲು ಹತ್ತಿ ಅರಸೀಕೆರೆ, ಬೀರೂರು, ಶಿವಮೊಗ್ಗ ದಾಟಿ ಹೋದರೆ ಸಿಗುವ ಮಲೆನಾಡಿನವರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದರು. ಮನೆಯಲ್ಲಿ ಬಡತನ. 1942ರ ಚಳವಳಿ ಬಂದಾಗ ಇನ್ನೂ ಓದುವ ಹುಡುಗ, ಆಗಲೇ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಜೈಲಿಗೆ ಹೋದವರೆಲ್ಲ ಅಧಿಕಾರದ ಪಕ್ಷದ ಕಡೆ ನಡೆದರೆ, ಇವರು ಸಮಾಜವಾದಿ ಪಕ್ಷ ಹಿಡಿದರು.

ಅವರ ಹೆಸರು ಹಳ್ಳಿಗಳಿಗೆ ಮುಟ್ಟಿದ್ದು 1951ರ ಕಾಗೋಡು ಸತ್ಯಾಗ್ರಹದಿಂದ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಮಾಡುತ್ತಿದ್ದವರು ಹೆಚ್ಚಿನಂಶ ದೀವರು. ಭತ್ತದ ಗೇಣಿಯನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಕೊಬ್ಬರಿ ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿ ಒಂದಿಷ್ಟು ಆಚೀಚೆ ಆದರೆ ವರ್ಷದ ಬೆವರು ಯಾರ ಜೇಬಿಗೆ ಹೋಗುತ್ತದೆ ಅನ್ನೋದು ತೋಟದವನಿಗೆ ಗೊತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ್ದ ರೈತ ಸಂಘ ಸರಿಯಾದ ಅಳತೆ ಕೇಳಿತು. ಒಡೆಯರು ಜಮೀನು ಬಿಡಿಸಿದರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗೋಪಾಲಗೌಡರು, ಅವರ ಪಕ್ಷ ರೈತರ ಬೆನ್ನಿಗೆ ನಿಂತರು. ನೂರಾರು ಜನ ಜೈಲು ಸೇರಿದರು.

ಕಾಗೋಡು ದೇಶಕ್ಕೆ ಸುದ್ದಿಯಾಗಿದ್ದು ಜೂನ್ ತಿಂಗಳಲ್ಲಿ, ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ ಮೇಲೆ. ಅಲ್ಲಿಯ ತನಕ ಉಪವಾಸ ಬಿದ್ದವರು, ಏಟು ತಿಂದವರು ಇದ್ದೇ ಇದ್ದರು. ಆದರೆ ದೊಡ್ಡ ಹೆಸರು ಬಂದಾಗಲೇ ದೊಡ್ಡ ಅಕ್ಷರ.

ಅದಾದ ಸ್ವಲ್ಪ ತಿಂಗಳಿಗೇ ದೇಶದ ಮೊದಲ ಮಹಾಚುನಾವಣೆ ಬಂತು. ಸಾಗರ-ಹೊಸನಗರ ಕ್ಷೇತ್ರಕ್ಕೆ ಗೌಡರು ನಿಂತರು. ಊರು ಪಕ್ಕದ ತಾಲ್ಲೂಕು, ಕ್ಷೇತ್ರಕ್ಕೆ ಹೊರಗಿನವರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಎದುರಿಗೆ ಕಾಂಗ್ರೆಸ್, ಅಂದರೆ ಗಾಂಧಿ ಹೆಸರು, ನೆಹರೂ ಮುಖ, ಮೇಲಿಂದ ಸರ್ಕಾರ. ಆಗಿನ ರೇಡಿಯೋದಲ್ಲಿ ಯಾವ ಪಕ್ಷಕ್ಕೂ ಪ್ರಚಾರ ಮಾಡುವ ಅವಕಾಶ ಇರಲಿಲ್ಲ. ಅದು ಸಿಕ್ಕಿದ್ದು 1977ರಲ್ಲಿ. ಇನ್ನು ಪೇಪರು. ಅದು ಅಚ್ಚಾಗುತ್ತಿದ್ದುದು ದೂರದ ಪಟ್ಟಣದಲ್ಲಿ, ಓದುತ್ತಿದ್ದವರು ಅಕ್ಷರ ಬಲ್ಲ ನಾಲ್ಕು ಜನ. ಗೇಣಿ ರೈತನಿಗೆ ಪೇಪರಿಲ್ಲ, ಪೇಪರಿಗೂ ಗೇಣಿ ರೈತ ಬೇಕಾಗಿಲ್ಲ.

ಹಾಗಾದರೆ ಗೌಡರ ಪ್ರಚಾರ ನಡೆದದ್ದು ಹೇಗೆ? ಕಾಲ್ನಡಿಗೆ, ಮಾತು, ಜನ. ಅವರ ಮಾತು ಕೇಳಲು ರೈತರು ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ಅಭ್ಯರ್ಥಿ ಓಟಿನ ಜೊತೆಗೆ ಖರ್ಚನ್ನೂ ಕೇಳಿದರು. ಒಂದು ವೋಟು, ಒಂದು ನೋಟು ಅನ್ನುವುದೇ ಕೂಗಾಯಿತು. ಹೊಟ್ಟೆಬಟ್ಟೆಗೆ ಸಾಲದವರೂ ಸೆರಗಿನ ಗಂಟು ಬಿಚ್ಚಿದರು. ದುಡ್ಡು ಕೊಟ್ಟವನು ಮನೆಯಲ್ಲಿ ಕೂರಲಿಲ್ಲ, ತನ್ನ ಎಲೆಕ್ಷನ್ ಅಂತಲೇ ಓಡಾಡಿದ.

ಎಣಿಕೆಯಲ್ಲಿ ಗೌಡರು ಗೆದ್ದರು. 1952ರ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಬರೀ 3. ಆ ಮೂರರಲ್ಲಿ ಒಂದು ಇವರದು.

ಜನ ಇದ್ದಾರೆ ಅಂದ ಮಾತ್ರಕ್ಕೆ ಸದಾ ಗೆಲುವಲ್ಲ. 1957ರಲ್ಲಿ ಸೋತರು. ಆದರೂ ಪಕ್ಷ ಬಿಟ್ಟು ಓಡಲಿಲ್ಲ. 1962ರಲ್ಲಿ, ಮತ್ತೆ 1967ರಲ್ಲಿ ತೀರ್ಥಹಳ್ಳಿಯಿಂದ ಆರಿಸಿ ಬಂದರು. ವಿಧಾನಸಭೆಯಲ್ಲಿ ಉಳುವವನಿಗೆ ಭೂಮಿ ಕೇಳಿದರು, ಕನ್ನಡದಲ್ಲಿ ಆಡಳಿತ ಕೇಳಿದರು, ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಕೇಳಿದರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಕಾಯಿಲೆ ಹಿಡಿದು 1972ರ ಜೂನ್ 9ರಂದು ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ.

ಮುಂದಿನ ವರ್ಷ, 1973ರ ನವೆಂಬರ್ 1ಕ್ಕೆ, ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್‌ನಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಕಾಯಿದೆ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಕೊಟ್ಟು ಭೂಮಿಗೆ ಒಡೆಯರಾದರು. ಎರಡನ್ನೂ ನೋಡಲು ಗೌಡರಿರಲಿಲ್ಲ. ಅವರ ಹಾದಿಯಲ್ಲಿ ಬೆಳೆದ ಬಂಗಾರಪ್ಪ, ಜೆ.ಎಚ್. ಪಟೇಲರು ಮುಂದೆ ಮುಖ್ಯಮಂತ್ರಿಗಳಾದರು. ಅನಂತಮೂರ್ತಿಯವರ 1978ರ ಕಾದಂಬರಿ ಅವಸ್ಥೆಯ ನಾಯಕನಲ್ಲಿ ಓದುಗರು ಗೌಡರನ್ನೇ ಗುರುತಿಸಿದರು. ಈಗ ಪುಟಗಟ್ಟಲೆ ಬರೆಯುತ್ತಾರೆ, ಜಯಂತಿ ಮಾಡುತ್ತಾರೆ. ಹೆಸರು ಬೇಕಾಗಿದ್ದ ಹೊತ್ತಿನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದವರು ಮಾತ್ರ ಸೆರಗಿನ ಗಂಟು ಬಿಚ್ಚಿದವರು.

ಒಡೆಯರ ಮನೆಯಲ್ಲಷ್ಟೇ ಅಲ್ಲ, ಪತ್ರಿಕೆ ಆಫೀಸಿನಲ್ಲೂ ಎರಡು ಕೊಳಗ ಇರುತ್ತವೆ, ದೊಡ್ಡವರಿಗೊಂದು, ಇತರರಿಗೊಂದು. ಮುಂದಿನ ಎಲೆಕ್ಷನ್ನಿನಲ್ಲಿ ಪಟ್ಟಿ ಬಂದಾಗ ಅಂಗಡಿಯವರು, ಬಸ್ಸಿಗೆ ಕಾದವರು, ಕೆಳಗಿನ ಸಣ್ಣಕ್ಷರದ ಸಾಲನ್ನೂ ಒಂದು ಸಾರಿ ಓದಲಿ. ಅಲ್ಲಿರುವವರೆಲ್ಲ ಗೋಪಾಲಗೌಡರಲ್ಲ, ನಿಜ. ಆದರೆ ಗೋಪಾಲಗೌಡರಂಥವರು ಬಂದರೆ ಮೊದಲು ಕಾಣುವುದು ಅಲ್ಲೇ.